ಫಿಲೂರಾಳ ಎಡಗಾಲಿನ ಬೂಟು

೧
ಎಲ್ಲಿಂದ ಶುರು ಮಾಡಲಿ? ಚಿತ್ರಕಾರ ಹುಟ್ಟಿದ ಊರಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಬೂಟಿನಿಂದ ಶುರು ಮಾಡಿದರೆ ನನಗೆ ಭಯ. (ಹೌದು, ಬೂಟಿಗೆ ಹೆದರುವ ಕತೆಗಾರ. ನಗುವವರು ಈಗಲೇ ನಕ್ಕುಬಿಡಿ.)

೨
ಸರಿ, ಹುಟ್ಟಿದ ಊರಿಂದಲೇ. ಅಸಾಹೆಲ್ ಥ್ರಾಲ್ ಅಮೆರಿಕದ ಕನೆಕ್ಟಿಕಟ್ ಕಣಿವೆಯವನು. ಮೊದಲು ಸಾರೋಟುಗಳಿಗೆ ಬಣ್ಣ ಬಳಿದ, ಆಮೇಲೆ ಹೆಂಡದಂಗಡಿಯ ಬೋರ್ಡುಗಳ ಮೇಲೆ ಹುಂಜ ಬರೆದ. ಯಾರ ಹತ್ತಿರವೂ ಕಲಿತವನಲ್ಲ. ಮೂವತ್ತು ದಾಟಿದ ಮೇಲೆ ಬಣ್ಣದ ಪೆಟ್ಟಿಗೆಯನ್ನು ಕುದುರೆಗೆ ಕಟ್ಟಿ, ಮನುಷ್ಯರ ಮುಖ ಬರೆಯುತ್ತೇನೆಂದು ಊರೂರು ಅಲೆದ. ದೊಡ್ಡವರು ಯಾರೂ ಕರೆಯಲಿಲ್ಲ. (ಎಲ್ಲರ ಮುಖದಲ್ಲೂ ಒಂದಿಷ್ಟು ಹುಂಜದ ಕಳೆ ಬರುತ್ತಿತ್ತು.)

ಅದೇ ವರ್ಷ ಚಳಿಗಾಲದಲ್ಲಿ ಮಕ್ಕಳಿಗೆ ಗಂಟಲುಜ್ವರ ಬಂತು. ಆಗ ಕರೆದರು. ತೀರಿಕೊಂಡ ಮಗುವನ್ನು ಮಣ್ಣು ಮಾಡುವ ಮುಂಚೆ ಬದುಕಿರುವಂತೆ ಬರೆದುಕೊಡಬೇಕು. ಕಣ್ಣು ತೆರೆಸಬೇಕು, ಕೆನ್ನೆಗೆ ಕೆಂಪು ತರಿಸಬೇಕು. ಆದರೆ ನೋಡಿದವರಿಗೆ ನಿಜ ತಿಳಿಯಬೇಕಲ್ಲ, ಅದಕ್ಕೊಂದು ಗುರುತು: ಮಗುವಿನ ಒಂದು ಬೂಟು ಕಳಚಿರುತ್ತದೆ, ಅದನ್ನು ಕೈಯಲ್ಲಿ ಹಿಡಿದಿರುತ್ತದೆ.

ಇಪ್ಪತ್ತು ವರ್ಷ ಅಸಾಹೆಲ್ ಬರೆದದ್ದೆಲ್ಲ ಅಂಥ ಮಕ್ಕಳನ್ನೇ. ಅವನ ಕುದುರೆ ಕಂಡರೆ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕುತ್ತಿದ್ದರು.

೩
ಈ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲೊಂದು ಪ್ರೇಮಪ್ರಸಂಗವಿತ್ತು. ಓದಿದ ಅಸಾಹೆಲ್, "ಯಾರಯ್ಯಾ ಇವ್ಳು? ನನ್ನ ಯಾವಳೂ ತಿರುಗಿ ನೋಡಿಲ್ಲ. ಈ ವಯಸ್ಸಲ್ಲಿ ಸುಮ್ನೆ ಆಸೆ ಹುಟ್ಟಿಸ್ಬೇಡ" ಎಂದ.

೪
ಗಿರಣಿಯವನ ಹೆಂಡತಿ ಮೆಹಿಟಬೆಲ್ ಅವನನ್ನು ಕರೆಸಿದಳು. ಅವಳ ಮಗ ಐರಾನನ್ನು ಮೂರು ವರ್ಷದ ಹಿಂದೆ ಬರೆದವನು ಅಸಾಹೆಲನೇ. ಆ ಚಿತ್ರ ಒಲೆಯ ಮೇಲಿನ ಗೋಡೆಯಲ್ಲಿದೆ, ಕೈಯಲ್ಲಿ ಬೂಟು ಸಮೇತ. ಈಗ ಉಳಿದಿರುವವಳು ಐದು ವರ್ಷದ ಫಿಲೂರಾ.

"ಇವಳನ್ನ ಬದುಕಿರುವಾಗ್ಲೇ ಬರೀಬೇಕು," ಎಂದಳು ಮೆಹಿಟಬೆಲ್. "ಎರಡೂ ಬೂಟು ಕಾಲಲ್ಲಿರ್ಬೇಕು. ತಿಳೀತಾ?"

ಅಸಾಹೆಲ್ ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ ಗಾಬರಿಯಾದ. "ಇದು ಅಲ್ಲಾಡತ್ತಲ್ಲಾ ತಾಯಿ!"

"ನಿನ್ನ ಮೂಗಲ್ಲಿ ಕೂದ್ಲಿದೆ," ಎಂದಳು ಫಿಲೂರಾ.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮೆಹಿಟಬೆಲ್ ಮೆಕ್ಕೆಜೋಳದ ಗಂಜಿ ತಂದವಳು ಚಿತ್ರ ನೋಡಿದಳು. ಎಡಗಾಲಿನಲ್ಲಿ ಬರೀ ಕಾಲುಚೀಲ. ಬೂಟು ಮಗುವಿನ ಕೈಯಲ್ಲಿ.

ಬಟ್ಟಲನ್ನು ಮೇಜಿನ ಮೇಲಿಟ್ಟು, ಹೋಗಿ ಬಾಗಿಲ ಚಿಲಕ ಹಾಕಿದಳು. ಆಗ ಫಿಲೂರಾ ಕೆಮ್ಮಿದಳು. ಪಕ್ಕದ ಮನೆಯಲ್ಲಿ ಜ್ವರ ಬಂದು ಎಂಟು ದಿನವಾಗಿತ್ತು.

೫
ಓದುಗರೇ, ತಪ್ಪೊಪ್ಪಿಗೆ. ಮೊದಲ ಡ್ರಾಫ್ಟಿನಲ್ಲಿ ಆ ಬೂಟನ್ನು ನಾನು ಅಂದಕ್ಕೆಂದು ಬರೆದಿದ್ದೆ. ಈಗ ಭಯವಾಗುತ್ತಿದೆ, ನಿಜವಾದ ಭಯ.

ಮೆಹಿಟಬೆಲ್ ನನ್ನ ಕಡೆ ತಿರುಗಿದಳು. "ನೀನು ಬರ್ದಿದ್ದು. ನೀನೇ ಅಳಿಸು."

"ಅಳಿಸಿದ್ರೆ ಕತೇನೇ ಇಲ್ಲ ತಾಯಿ."

"ನಿನ್ನ ಕತೆಗಿಷ್ಟು ಬೆಂಕಿ ಹಾಕ! ನಂಗೆ ಮಗು ಬೇಕು."

ಮುಕ್ತಾಯ ಒಂದು: ಮಗು ಸಾಯುತ್ತದೆ. (ವಿಮರ್ಶಕರು ಮೆಚ್ಚುತ್ತಾರೆ. ಎರಡು ಸಾಲು ಬರೆದೆ, ಹರಿದೆ.)

ಮುಕ್ತಾಯ ಎರಡು: ಫಿಲೂರಾ ಎಂಬತ್ತು ವರ್ಷ ಬದುಕಿ, ಮೊಮ್ಮಕ್ಕಳಿಗೆ ಈ ಚಿತ್ರ ತೋರಿಸಿ ನಗುತ್ತಾಳೆ. ಮೆಹಿಟಬೆಲ್ ಓದಿ ತಲೆಯಾಡಿಸಿದಳು. "ಐರಾಗೂ ಎಲ್ರೂ ಹಿಂಗೇ ಹೇಳಿದ್ರು."

೬
ಅಸಾಹೆಲ್ ಕುಂಚ ಎತ್ತಿಕೊಂಡ. "ಬಣ್ಣ ಇನ್ನೂ ಹಸಿ ಇದೆ. ಕಾಲಿಗೇ ಬೂಟು ಬರೀತೀನಿ. ಮಗೂಗೆ ಹಾಕಮ್ಮ, ನೋಡ್ಬೇಕು." ಬದುಕಿರುವ ಕಾಲಿನ ಮೇಲೆ ಬೂಟು ಹೇಗೆ ಕೂರುತ್ತದೆಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಮೆಹಿಟಬೆಲ್ ಮಂಡಿಯೂರಿ ಎಡಗಾಲಿಗೆ ಬೂಟು ತುರುಕಿದಳು.

"ಕಚ್ಚತ್ತಮ್ಮಾ!" ಫಿಲೂರಾ ಕಾಲು ಝಾಡಿಸಿದಳು. "ದಿನಾ ಕಚ್ಚತ್ತೆ. ಅದ್ಕೇ ಬಿಚ್ಚಿ ಕೈಯಲ್ಲಿ ಹಿಡ್ಕೋತೀನಿ."

ಅಸಾಹೆಲ್ ತನ್ನ ಕೈಯನ್ನೇ ನೋಡಿಕೊಂಡ. ಕಂಡದ್ದನ್ನು ಬರೆದನೋ, ಅಥವಾ ಕೈಗೆ ಅದೊಂದೇ ಗೊತ್ತಿತ್ತೋ, ಅವನಿಗೂ ತಿಳಿಯಲಿಲ್ಲ. (ನನ್ನನ್ನು ಕೇಳಬೇಡಿ.)

ಮೆಹಿಟಬೆಲ್ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಮಗುವಿನ ಬೆರಳುಗಳು ಮಡಚಿಕೊಂಡಿದ್ದವು. ಅವಳು ಇನ್ನೊಮ್ಮೆ ಒತ್ತಿದಳು.

"ಇದು ಐರಾನ ಬೂಟು," ಎಂದಳು. "ಬೆಳೀತಾನೆ ಅಂತ ಒಂದಳತೆ ದೊಡ್ಡದೇ ಹೊಲಿಸಿದ್ದೆ. ಅವನಿಗೆ ಕೊನೇವರೆಗೂ ಸಡಿಲಾನೇ ಇತ್ತು."

ಆಮೇಲೆ ಮಗುವಿನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಬೂಟು ಕಿತ್ತು ಎಸೆದು, ತಲೆ ಎತ್ತಿ ಹೇಳಿದಳು: "ಸಾಕು. ಇನ್ನು ಬರೀಬೇಡ."

ಕುಂಚ ಹಿಡಿದವನಿಗೆ ಹೇಳಿದಳೋ, ಪೆನ್ನು ಹಿಡಿದ ನನಗೋ, ಹಣೆಯಲ್ಲಿ ಬರೆಯುವವನಿಗೋ? ನಮ್ಮ ಭಾಷೆಯಲ್ಲಿ ಮೂವರ ಕೆಲಸಕ್ಕೂ ಒಂದೇ ಮಾತು. ಅಸಾಹೆಲ್ ಕುಂಚ ಕೆಳಗಿಟ್ಟ.

ಫಿಲೂರಾ ಬಾಯಿ ತೆರೆದಳು. ಕೆಮ್ಮುವುದಕ್ಕಿರಬಹುದು, ಏನಾದರೂ ಕೇಳುವುದಕ್ಕಿರಬಹುದು. ನಾನು ಪೆನ್ನು ಎತ್ತಿ ಹಿಡಿದಿದ್ದೇನೆ. ಇಳಿಸುವುದಿಲ್ಲ.