ಎರಡು ಹಾಡುಗಳ ನಡುವೆ

‘ಸರಿ’ ಎಂದುಬಿಟ್ಟಿದ್ದ. ಯಾವುದಕ್ಕೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹೆಂಡತಿ ಎದುರಿಗೆ ಕೂತು ಬಹಳ ಹೊತ್ತು ಏನೋ ಹೇಳುತ್ತಿದ್ದಳು. ಅವನ ಇಯರ್‌ಫೋನಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಾಲ್ಕು ಸೆಕೆಂಡಿನಲ್ಲಿ ಮಾತಿನ ಬಾಲ ಮಾತ್ರ ಕಿವಿಗೆ ಬಿತ್ತು: “...ಸರಿ ತಾನೇ?” ಸರಿ ಎಂದ. ಆಕೆಯ ಕಣ್ಣು ತುಂಬಿತು. ಮುಂದಿನ ಹಾಡು ಮುಗಿದಾಗ ಇನ್ನೊಂದು ತುಂಡು ಸಿಕ್ಕಿತು. “ಇಷ್ಟು ಸುಲಭವಾಗಿ ಒಪ್ತೀರಿ ಅಂದ್ಕೊಂಡಿರಲಿಲ್ಲ.”

ಬಸ್ಸಿನಲ್ಲಿ ನಿಂತು ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಮ್ಯೂಸಿಕ್ ಪ್ಲೇಯರನ್ನು ಬೆರಳಿನಿಂದ ಸವರಿದ. ಎಂಥ ಯಂತ್ರ! ಮಾಡಿದವನಿಗೆ ಕೈ ಮುಗಿಯಬೇಕು. ಬೆಂಕಿಪೊಟ್ಟಣದಷ್ಟು ಗಾತ್ರ, ಹೊಟ್ಟೆಯೊಳಗೆ ಎರಡು ಸಾವಿರ ಹಾಡು. ಒಮ್ಮೆ ಚಾರ್ಜ್ ಮಾಡಿದರೆ ಇಡೀ ದಿನ ನಿಶ್ಚಿಂತೆ. ಫೋನಿನ ಹಾಗೆ ನಡುವೆ ಯಾರೂ ನುಗ್ಗಿ ತಲೆ ತಿನ್ನುವಂತಿಲ್ಲ. ವೈರು ಗಂಟು ಬೀಳುತ್ತದೆ, ನಿಜ. ಸಂಜೆಯ ಹೊತ್ತಿಗೆ ಕಿವಿ ಕೆಂಪಾಗಿ ಉರಿಯುತ್ತದೆ, ಅದೂ ನಿಜ. ಆದರೆ ಏಳು ವರ್ಷದಲ್ಲಿ ಒಂದು ಸಲವೂ ಅದು ‘ಏನು ಯೋಚನೆ ಮಾಡ್ತಿದ್ದೀರಿ?’ ಎಂದು ಅವನನ್ನು ಕೇಳಿರಲಿಲ್ಲ. ಅಷ್ಟು ಸಾಕಿತ್ತು ಅವನಿಗೆ.

ತಮಾಷೆಯೆಂದರೆ, ಅವನ ಕೆಲಸ ಕಿವಿ ಪರೀಕ್ಷೆ. ಆಸ್ಪತ್ರೆಯ ಹಿಂಭಾಗದಲ್ಲಿ ಸದ್ದು ನುಸುಳದ ಪುಟ್ಟ ಕೋಣೆ. ಒಳಗೆ ರೋಗಿ, ಗಾಜಿನ ಈಚೆ ಅವನು. ಗುಂಡಿ ಒತ್ತಿದರೆ ರೋಗಿಯ ಕಿವಿಯಲ್ಲಿ ‘ಕುಂಯ್’ ಎನ್ನುತ್ತದೆ. ಕೇಳಿಸಿದರೆ ಬೆರಳು ಎತ್ತಬೇಕು. ಹೊಸದಾಗಿ ಮದುವೆಯಾದಾಗ ಹೆಂಡತಿಗೂ ಮನೆಯಲ್ಲಿ ಈ ಆಟ ಆಡಿಸಿದ್ದ. ಪಕ್ಕದ ಕೋಣೆಯಿಂದ ಪಿಸುಗುಟ್ಟಿದರೂ ಬೆರಳು ಎತ್ತಿ ನಗುತ್ತಿದ್ದಳು.

ಆವತ್ತು ಬಂದ ಅಜ್ಜಿಯೊಬ್ಬರು ಮೇಲಿಂದ ಮೇಲೆ ಬೆರಳು ಎತ್ತತೊಡಗಿದರು. ಅವನಿನ್ನೂ ಗುಂಡಿಯನ್ನೇ ಮುಟ್ಟಿರಲಿಲ್ಲ. ಒಳಗೆ ಹೋಗಿ ಅವರ ಕಿವಿಯ ಹತ್ತಿರ ಕೂಗಿದ.

“ಸದ್ದೇ ಬಿಟ್ಟಿಲ್ಲ ಅಜ್ಜಿ! ಯಾಕೆ ಎತ್ತಿದ್ರಿ?”

“ಏನೂ ಕೇಳಿಸ್ತಿಲ್ಲಪ್ಪ. ನೀನು ಪಾಪ ಕಾಯ್ತಾ ಕೂತಿದ್ಯಲ್ಲ, ಬೇಜಾರಾಗಬಾರದು ಅಂತ ಎತ್ತಿದೆ.”

ನಗು ಬರಬೇಕಿತ್ತು. ಬರಲಿಲ್ಲ.

ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದ.

“ಬೆಳಿಗ್ಗೆ ಹೇಳಿದ್ಯಲ್ಲ, ಅದು...”

“ಯಾಕೆ, ಮನಸ್ಸು ಬದಲಾಯಿಸಿದ್ರಾ?”

“ಛೆ ಛೆ, ಇಲ್ಲ.”

“ಅಕ್ಕನಿಗೂ ಹೇಳಿಬಿಟ್ಟೆ. ಎಷ್ಟು ನಿರಾಳ ಆಯ್ತು ಗೊತ್ತಾ?”

“ಒಳ್ಳೇದಾಯ್ತು ಬಿಡು.”

ಫೋನಿಟ್ಟು ಬೆವರು ಒರೆಸಿಕೊಂಡ. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದಿದ್ದರೆ ಆಗುತ್ತಿತ್ತು. ಊರವರ ಕಿವಿ ನೋಡುವವನು ಅದನ್ನು ಯಾವ ಬಾಯಲ್ಲಿ ಹೇಳುವುದು? ಭಯವಾಯಿತು. ಭಯವಾದಾಗಲೆಲ್ಲ ಮಾಡುವುದನ್ನೇ ಮಾಡಿದ, ಕಿವಿಗೆ ಸಿಕ್ಕಿಸಿ ಹಾಡು ಹಾಕಿದ. ಮೂರನೇ ಹಾಡಿಗೆ ಎದೆಬಡಿತ ಹದಕ್ಕೆ ಬಂತು. ನಿಜಕ್ಕೂ ಎಂಥ ಯಂತ್ರ!

ಸಂಜೆ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಸೂಟ್‌ಕೇಸೊಂದು ತುಂಬಿ ನಿಂತಿತ್ತು. ಮದುವೆಯಾದ ವರ್ಷ ಒಂದೇ ಬಣ್ಣದವು ಎರಡು ಕೊಂಡಿದ್ದರು. ಇದು ಅವಳದೋ ತನ್ನದೋ ತಿಳಿಯಲಿಲ್ಲ. ಹೊರಟಿರುವವರು ಯಾರು?

ಹೆಂಡತಿ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಕಿವಿಯಲ್ಲಿ ಅವನ ಹಳೆಯ ಇಯರ್‌ಫೋನು. ತಲೆ ಮೆಲ್ಲಗೆ ತೂಗುತ್ತಿತ್ತು. ಯಾವ ಹಾಡಿರಬಹುದು ಎಂದು ಹತ್ತಿರ ಹೋದ. ವೈರಿನ ತುದಿ ಅವಳ ಮಡಿಲು ದಾಟಿ ಕೆಳಗೆ ಜೋತಾಡುತ್ತಿತ್ತು. ಯಾವುದಕ್ಕೂ ಸಿಕ್ಕಿಸಿರಲಿಲ್ಲ.

ಈಗಲಾದರೂ ಕೇಳಿಬಿಡಬೇಕು. ತನ್ನ ಎರಡೂ ಕಿವಿಯಿಂದ ವೈರು ಕಿತ್ತ. ಬಾಯಿ ತೆರೆದ. ಮಾತು ಹೊರಡಲಿಲ್ಲ.

ಆಕೆ ಕಣ್ಣು ಮುಚ್ಚಿಕೊಂಡೇ ಬೆರಳು ಎತ್ತಿದಳು.