ಓರಿನ್ ಟ್ಯಾಕೆಟ್‌ನ ಎರಡನೇ ಬದಿ

ಫೋನು ಹೊಡೆದುಕೊಂಡಾಗ ವರ್ಲಿನ್ ಸ್ಟ್ಯಾಂಪರ್ ಎಂದಿನಂತೆ ಬೇರೊಬ್ಬರ ದನಿ ಎತ್ತಿಕೊಂಡ. ಅವನ ಸ್ವಂತ ದನಿಯನ್ನು ಫೋನಿನಲ್ಲಿ ಕೇಳಿದವರು ಪಿಕೆಟ್ ಫೋರ್ಕಿನಲ್ಲಿ ಯಾರೂ ಇರಲಿಲ್ಲ. ಸೋಮವಾರ ಪಾದ್ರಿಯ ದನಿ, ಮಂಗಳವಾರ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ದೊಡ್ಡಮ್ಮನದು, ಇವತ್ತು ಶೆರಿಫನ ಪಾಳಿ.

"ಜೈಲಿಂದ ಮಾತಾಡ್ತಿದ್ದೀವಿ. ಊಟಕ್ಕೆ ಬರ್ತೀರೋ, ವಾಸಕ್ಕೇ ಬರ್ತೀರೋ?"

"ಸಾಕು ಸುಮ್ನಿರಯ್ಯಾ," ಎಂದ ಆ ಕಡೆಯಿಂದ ಹೋಬರ್ಟ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಹೋಬರ್ಟ್ ಈಗ ಸುತ್ತಲಿನ ಹಳೇ ಸಾಮಾನಿನ ಸಂತೆಗಳಲ್ಲಿ ವರ್ಲಿನ್‌ಗಾಗಿ ರೆಕಾರ್ಡು ಹುಡುಕುತ್ತಿದ್ದ. "ಆ ಹಸಿರು ಟ್ರಕ್ಕಿನ ಹೆಂಗಸು ಮತ್ತೆ ಬಂದಿದ್ಲು ಕಣೋ. ನಾನು ಕೈ ಹಾಕೋ ಅಷ್ಟರಲ್ಲಿ ಓರಿನ್ ಟ್ಯಾಕೆಟ್ಟಿನ ರೆಕಾರ್ಡು ಅವಳ ಕಂಕುಳಲ್ಲಿತ್ತು."

ವರ್ಲಿನ್‌ನ ಬಾಯಲ್ಲಿದ್ದ ಶೆರಿಫ್ ಓಡಿಹೋದ.

"ಏನಾದ್ರೂ ಕೇಳಿದ್ಲಾ?"

"ಕೇಳ್ದೆ ಇರ್ತಾಳಾ? 'ನಿನ್ನ ಕೈಲಿ ಇದನ್ನ ಯಾರು ಕೊಳ್ಳಿಸ್ತಿದ್ದಾರೆ' ಅಂದ್ಲು. ನಿನ್ನ ಹೆಸರು ಹೇಳ್ದೆ."

"ಹೇಳಿಬಿಟ್ಯಾ!"

"ಹೇಳಬಾರದಿತ್ತಾ? ಗಿರಾಕಿ ಅಲ್ವೇನೋ! ದಾರೀನೂ ಹೇಳ್ದೆ. ಆಗಲೇ ಹೊರಟ್ಲು. ಹ್ಞಾ, ರೇಡಿಯೋ ಹಾಕ್ಕೋ. ಓರಿನ್ ಸತ್ತು ಇವತ್ತಿಗೆ ಮೂವತ್ತು ವರ್ಷ. ಹನ್ನೆರಡು ಗಂಟೆಗೆ ಆ ರೆಕಾರ್ಡು ಪೂರ್ತಿ ಹಾಕ್ತಾರಂತೆ. ಎರಡೂ ಬದಿ."

ವರ್ಲಿನ್ ಫೋನು ಇಟ್ಟು, ರೇಡಿಯೋ ಹಾಕಿದ. ಗೋಡೆಯ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಎರಡನೇ ಬದಿ!

ಅವನ ಅಂಗಡಿ ಒಂದು ಕಾಲಕ್ಕೆ ದನದ ಹಿಂಡಿ ಮಾರುತ್ತಿದ್ದ ಜಾಗ. ತೇವ ಹೆಚ್ಚಾದರೆ ಈಗಲೂ ಗೋಡೆಗಳಿಂದ ಕಾಕಂಬಿಯ ವಾಸನೆ ಏಳುತ್ತಿತ್ತು. ಟೆನ್ನೆಸಿಯ ಆ ಮೂಲೆಯಲ್ಲಿ ಹಳೇ ಕಂಟ್ರಿ ಹಾಡಿನ ರೆಕಾರ್ಡು ಬೇಕೆಂದರೆ ಜನ ಅಲ್ಲಿಗೇ ಬರುತ್ತಿದ್ದರು. ರೆಕಾರ್ಡಿಗಿಂತ ಹೆಚ್ಚಾಗಿ, ಅದರ ಮೇಲೆ ವರ್ಲಿನ್ ಅಂಟಿಸುವ ಚೀಟಿಗೆ ಬರುತ್ತಿದ್ದರು. 'ಹನ್ನೆರಡು ಹಿಟ್ ಅಂತ ಬರೆದಿದ್ದಾರೆ. ಮೂರು ಹಿಟ್ಟು, ಒಂಬತ್ತು ಬರೀ ತೌಡು. ಬೇಡ.' 'ಗಾಯಕ ಹಲ್ಲು ಕಟ್ಟಿಸಿಕೊಂಡ ಮೇಲೆ ಮತ್ತೆ ಹಾಡಿದ್ದು. ಹಿಂಬದಿಯ ಸಣ್ಣಕ್ಷರ ಓದಿ. ಈ ದುಡ್ಡಿಗೆ ಹೊಟ್ಟೆ ತುಂಬ ತಿಂಡಿ ತಿನ್ನಿ.' 'ಮೂಲ ಮುದ್ರಣ. ಹೆಂಡತಿ ಜೊತೆ ಜಗಳ ಆಡಿಯಾದರೂ ಕೊಳ್ಳಿ.' ವರ್ಲಿನ್‌ನ ಚೀಟಿಯಲ್ಲಿ ಸುಳ್ಳಿಲ್ಲ ಎಂಬುದು ಮೂರು ಕೌಂಟಿಗಳ ನಂಬಿಕೆ.

ಆದರೆ ಹಿಂದಿನ ಕೋಣೆಯಲ್ಲಿ, ಖಾಲಿ ಪೀಪಾಯಿಗಳ ಮರೆಯಲ್ಲಿ, ಚೀಟಿಯಿಲ್ಲದ ನಲವತ್ತಮೂರು ರೆಕಾರ್ಡುಗಳಿದ್ದವು. ನಲವತ್ತಮೂರೂ ಒಂದೇ: ಓರಿನ್ ಟ್ಯಾಕೆಟ್‌ನ ಹನ್ನೆರಡು ಅಮರ ಗೀತೆಗಳು.

ಅರವತ್ನಾಲ್ಕರ ಚಳಿಗಾಲದಲ್ಲಿ, ಊರೂರು ತಿರುಗಿ ಹಾಡುತ್ತಿದ್ದ ಓರಿನ್‌ನ ಬಸ್ಸು ಮಂಜುಗಟ್ಟಿದ ತಿರುವಿನಲ್ಲಿ ಜಾರಿ, ಅವನು ಸತ್ತ. ಅವನ ಹಾಡು ಕೇಳಿಕೇಳಿ ಜನ ಅಳುತ್ತಿದ್ದ ಆ ವಾರಗಳಲ್ಲಿ ನ್ಯಾಶ್‌ವಿಲ್‌ನ ಒಂದು ಪುಟ್ಟ ಕಂಪನಿ ರೆಕಾರ್ಡು ತರಲು ಹೊರಟಿತು. ಟೇಪಿನಲ್ಲಿದ್ದದ್ದು ಆರೇ ಹಾಡು. ಅಮರನಾದವನಿಗೆ ಆರು ಕಮ್ಮಿ ಬಿತ್ತು. ಆಗ ಇಪ್ಪತ್ತೇಳರ ವರ್ಲಿನ್ ಆ ಊರಿನ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತ, ಕೋಳಿಯಿಂದ ಗವರ್ನರ್‌ವರೆಗೆ ಎಲ್ಲರ ದನಿ ತೆಗೆದು ನಗಿಸುತ್ತಿದ್ದ. ಕಂಪನಿಯವನೊಬ್ಬ ಬಂದು, "ಓರಿನ್ ಥರ ಹಾಡ್ತೀಯೇನಪ್ಪಾ?" ಎಂದ. ಸದ್ದು ತಡೆಯಲು ಗೋಡೆಗೆಲ್ಲ ಹಾಸಿಗೆ ಒರಗಿಸಿದ ಒಂದು ಗ್ಯಾರೇಜಿನಲ್ಲಿ, ಒಂದೇ ಮಧ್ಯಾಹ್ನ, ಆರು ಹಾಡು. ತಮಾಷೆ ಅಂದುಕೊಂಡೇ ಹಾಡಿದ್ದ. ರೆಕಾರ್ಡು ಬಂದಾಗ ಅದರ ಮೇಲೆ ಒಂದೇ ಹೆಸರಿತ್ತು, ಅದು ಅವನದಾಗಿರಲಿಲ್ಲ. ಕಂಪನಿ ಮರುವರ್ಷವೇ ಬಾಗಿಲು ಹಾಕಿತು.

ಎರಡನೇ ಬದಿಯ ಕೊನೆಯ ಹಾಡು, ನದಿ ದಾಟುವ ಪ್ರಾರ್ಥನೆ, ಆ ಸೀಮೆಯ ಶವಸಂಸ್ಕಾರಗಳಿಗೆಲ್ಲ ಖಾಯಂ ಆಯಿತು. ವರ್ಲಿನ್‌ನ ತಾಯಿಯದಕ್ಕೂ ಅದನ್ನೇ ಹಾಕಿದರು. ಪೆಟ್ಟಿಗೆಯ ಪಕ್ಕ ಕೂತು ಅವನು ತನ್ನ ದನಿಯನ್ನೇ ಕೇಳಿದ. ಹಿಂದಿನ ಸಾಲಿನಲ್ಲಿ ಯಾರೋ "ಪುಣ್ಯಾತ್ಮ ಓರಿನ್" ಎಂದು ಮೂಗೊರೆಸಿಕೊಂಡರು. ಅಂದಿನಿಂದ ಅವನು ಹಾಡಿದ್ದಿಲ್ಲ. ಕಣ್ಣಿಗೆ ಬಿದ್ದ ಪ್ರತಿಯನ್ನೆಲ್ಲ ಕೊಂಡು ಬಚ್ಚಿಡತೊಡಗಿದ. ಅದೇ ತಪ್ಪಾಯಿತು. ಬಚ್ಚಿಟ್ಟಷ್ಟೂ ಅದು ಅಪರೂಪವಾಯಿತು, ಅಪರೂಪವಾದಷ್ಟೂ ಶ್ರೇಷ್ಠವಾಯಿತು. ಹೋದ ವರ್ಷ ಸಂಗ್ರಾಹಕರ ಪತ್ರಿಕೆಯೊಂದು ಕೊಳ್ಳಲೇಬೇಕಾದ ನೂರು ಕಂಟ್ರಿ ರೆಕಾರ್ಡುಗಳ ಪಟ್ಟಿಯಲ್ಲಿ ಅದನ್ನು ಹಾಕಿತು. 'ಎರಡನೇ ಬದಿಯಲ್ಲಿ ಓರಿನ್ ಇನ್ನೂ ಆಳಕ್ಕಿಳಿಯುತ್ತಾನೆ' ಎಂದು ಬರೆದಿತ್ತು. ವರ್ಲಿನ್ ಮೂರು ದಿನ ಊಟ ಮಾಡಲಿಲ್ಲ.

ಆಮೇಲೆ ಈ ಹಸಿರು ಟ್ರಕ್ಕು. ಬೆಲೆ ಕೇಳದೆ, ಹಾಕಿ ಕೇಳಿ ನೋಡದೆ, ಆ ರೆಕಾರ್ಡು ಕಂಡಲ್ಲೆಲ್ಲ ಎತ್ತಿಕೊಂಡು ಹೋಗುವವಳು. ವಕೀಲೆಯೇ? ಪತ್ರಿಕೆಯವಳೇ? ಸಾಕ್ಷಿ ಕೂಡಿಡುತ್ತಿದ್ದಾಳೆ, ಇನ್ನೇನು! ಇದೊಂದು ಬಯಲಾದರೆ ಅವನು ಬರೆದ ಪ್ರತಿ ಚೀಟಿಯೂ ಸುಳ್ಳಾಗುತ್ತದೆ. ಸತ್ತವನ ಗಂಟಲು ಕದ್ದವನ ಅಂಗಡಿಗೆ ಯಾರು ಬರುತ್ತಾರೆ?

ಬಾಗಿಲಿಗೆ ಬೀಗ ಹಾಕಿ ಓಡಿಬಿಡೋಣವೆಂದು ಅವನು ಬೀಗದ ಕೈ ಹುಡುಕಿದ. ಸಿಗಲಿಲ್ಲ. ಅದು ಕೈಯಲ್ಲೇ ಇತ್ತು. ಅಷ್ಟರಲ್ಲಿ ಕಿಟಕಿಯ ಆಚೆ ಹಸಿರು ಟ್ರಕ್ಕು ಬಂದು ನಿಂತಿತು.

ಇಳಿದವಳು ಎಪ್ಪತ್ತರ ಮುದುಕಿ. ಚರ್ಚಿಗೆ ಹೊರಟಂತೆ ಟೊಪ್ಪಿ, ತೋಳಿಗೆ ಕಪ್ಪು ಕೈಚೀಲ. ಒಳಗೆ ಬಂದವಳೇ ಬಾಗಿಲ ಮೇಲಿನ ಹಲಗೆಯನ್ನು 'ಮುಚ್ಚಿದೆ' ಎಂಬ ಕಡೆಗೆ ತಿರುಗಿಸಿದಳು. ವರ್ಲಿನ್ ಕೌಂಟರಿನ ಹಿಂದಕ್ಕೆ ಸರಿದ.

"ಟ್ಯಾಕೆಟ್ ರೆಕಾರ್ಡು ಕೂಡಿಹಾಕ್ತಿರೋನು ನೀನೇನಾ?"

"ದೇವರ ಮಗಳೇ, ಏನು ಬೇಕಾಗಿತ್ತು?" ಹೆದರಿಕೆಯಲ್ಲಿ ಪಾದ್ರಿಯ ದನಿ ಹೊರಬಂತು.

"ಆಟ ಆಡಬೇಡ." ಅವಳು ಹತ್ತಿರ ಬಂದಳು. "ಯಾರು ಕಳಿಸಿದ್ದು ನಿನ್ನ? ಆ ಕಂಪನಿಯೋರಾ? ಅವನಾ?"

"ಯಾರು ಅವನು?"

"ನಾನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳು!"

ಹನ್ನೆರಡಾಯಿತು. ಕಪಾಟಿನ ಮೇಲಿನ ರೇಡಿಯೋದಲ್ಲಿ ನಿರೂಪಕ ಗಂಟಲು ಸರಿಮಾಡಿಕೊಂಡು, ಓರಿನ್‌ನ ಗುಣಗಾನ ಮುಗಿಸಿ, ಮೊದಲ ಬದಿಗೆ ಸೂಜಿ ಇಟ್ಟ. ಅಂಗಡಿಯಲ್ಲಿ ಓರಿನ್‌ನ ದನಿ ತುಂಬಿತು. ಆಗ ವರ್ಲಿನ್‌ಗೆ ಇನ್ನೊಂದು ಸದ್ದು ಕೇಳಿಸಿತು: ಕಟಕಟ, ಕಟಕಟ. ಮುದುಕಿಯ ಕೈಚೀಲದ ಕೊಂಡಿ ಅದುರುತ್ತಿತ್ತು. ಅವಳ ಕೈಯೇ ಅದುರುತ್ತಿತ್ತು.

"ಅಮ್ಮಾ, ನೀವು ಹೆದರಿಕೊಂಡಿದ್ದೀರಾ?" ಎಂದ. ಕೇಳಿದ ಮೇಲೆ ತಾನೇ ಬೆಚ್ಚಿದ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ನಾನು ನೆಲ್ಡಾ ಟ್ಯಾಕೆಟ್. ಓರಿನ್ ಹೆಂಡತಿ."

ವಕೀಲೆಯಾಗಿದ್ದರೆ ಎಷ್ಟೋ ವಾಸಿ ಇತ್ತು.

"ಕಂಪನಿಯೋರು ಒಂದು ಕಾಗದ ತಂದ್ರಪ್ಪಾ," ಎಂದಳು ನೆಲ್ಡಾ, ಅವನನ್ನು ನೋಡದೆ. "ಹನ್ನೆರಡೂ ಓರಿನ್ನೇ ಹಾಡಿದ್ದು ಅಂತ. ಮನೇಲಿ ಎರಡು ಮಕ್ಕಳು, ಒಲೆ ಆರಿಹೋಗಿತ್ತು. ಕೇಳಿಸಿಕೊಳ್ಳದೇನೇ ಸಹಿ ಹಾಕ್ದೆ. ಆಮೇಲೆ ರೆಕಾರ್ಡು ಕೇಳಿದೆ. ಎರಡನೇ ಬದಿಯೋನು ನನ್ನ ಗಂಡ ಅಲ್ಲ."

"ಹೇಗೆ... ಹೇಗೆ ಗೊತ್ತಾಯ್ತು?"

"ಉಸಿರು. ಓರಿನ್‌ಗೆ ಕುದುರೆ ಒದ್ದು ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡಿತ್ತು. ಸಾಲಿನ ನಡುವೆ ಒಂದು ಸಲ ಉಸಿರು ಎಳೀಲೇಬೇಕು. ಕೇಳು, ಅಲ್ಲಿ... ಕೇಳಿಸ್ತಾ? ಎರಡನೇ ಬದಿಯೋನು ಉಸಿರೇ ಎಳೆಯಲ್ಲ. ಹೆಣದ ಥರ ಹಾಡ್ತಾನೆ."

ಇಷ್ಟು ಭಯದ ನಡುವೆಯೂ ವರ್ಲಿನ್‌ಗೆ ಚುರ್ರೆಂದಿತು. ಮೂಗಿನ ಗುಂಯ್‌ಗುಡುವಿಕೆ, ಕೊನೆಯ ಅಕ್ಷರದ ಬಿರುಕು, ಎಲ್ಲ ಹಿಡಿದಿದ್ದ. ಉಸಿರು!

"ಮೂವತ್ತು ವರ್ಷ ಆಯ್ತು," ಎಂದಳು ನೆಲ್ಡಾ. "ಆ ಹಾಡಿದೋನು ಒಂದಲ್ಲ ಒಂದು ದಿನ ಬರ್ತಾನೆ, ಸುಳ್ಳು ಸಹಿ ಹಾಕಿದೋಳು ಅಂತ ಊರ ಮುಂದೆ ಎಳೀತಾನೆ ಅಂತ ಕಾಯ್ತಾ ಇದ್ದೀನಿ. ನಾಯಿ ಬೊಗಳಿದ್ರೆ ಅವನೇ ಅನ್ಸುತ್ತೆ. ಯಾರ ಕಿವಿಗೂ ಬೀಳದೇ ಇರ್ಲಿ ಅಂತ ಕಂಡಕಂಡಲ್ಲಿ ಕೊಂಡೆ. ಕೋಳಿಗೂಡಿನ ಕೆಳಗೆ ಐವತ್ತೆಂಟು ಇದೆ. ಈಗ ಇನ್ಯಾರೋ ಕೊಳ್ತಿದ್ದಾರೆ ಅಂತ ಗೊತ್ತಾಯ್ತು. ನಿಜ ಹೇಳು ಮಗಾ. ಅವನು ಬಂದಿದ್ದಾನಾ?"

ಮೊದಲ ಬದಿಯ ಕೊನೆಯ ಹಾಡು ಮುಗಿಯಿತು.

ಇಲ್ಲ ಎನ್ನಬಹುದಿತ್ತು. ಬಾಯಲ್ಲಿ ಶೆರಿಫ್, ಪಾದ್ರಿ, ದೊಡ್ಡಮ್ಮ ಎಲ್ಲರೂ ಸಾಲಾಗಿ ನಿಂತು 'ಇಲ್ಲ' ಎನ್ನಲು ತಯಾರಿದ್ದರು.

"ಬಂದಿದ್ದಾನಮ್ಮಾ," ಎಂದ ವರ್ಲಿನ್. "ನಾನೇ."

"ಹಾಡು."

"ಅಮ್ಮಾ, ಬೇಡ..."

"ಹಾಡು ಅಂದೆ."

ಅವನು ಕಣ್ಣು ಮುಚ್ಚಿ ನದಿಯ ಹಾಡಿನ ಒಂದೇ ಸಾಲು ಎತ್ತಿದ. ವರ್ಷಗಟ್ಟಲೆ ಬೀಗ ಹಾಕಿದ್ದ ದನಿ ತುಕ್ಕು ಹಿಡಿದಿರಲಿಲ್ಲ. ಸಾಲಿನ ನಡುವೆ, ತನಗೆ ಗೊತ್ತಿಲ್ಲದಂತೆ, ಒಂದು ಸಲ ಉಸಿರೆಳೆದ.

ನೆಲ್ಡಾ ಸ್ಟೂಲಿನಿಂದ ಎದ್ದು ಗೋಡೆಗೆ ಒರಗಿದ್ದಳು. ಮುಖ ಸುಣ್ಣದಂತಾಗಿತ್ತು. "ಸಾಕು. ಸಾಕಪ್ಪಾ. ಹಂಗೆ ಮಾಡಬೇಡ. ಓರಿನ್ನೇ ಒಳಗೆ ಬಂದಂಗಾಯ್ತು."

ಇಬ್ಬರೂ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ರೇಡಿಯೋದವನು ಎರಡನೇ ಬದಿ ತಿರುಗಿಸುತ್ತಿದ್ದ.

ಆರು ಹಾಡು. ಅವಳು ಸ್ಟೂಲಿನ ಮೇಲೆ, ಅವನು ನೆಲದ ಮೇಲೆ. ಸುಂಟರಗಾಳಿಗೆ ಸಿಕ್ಕ ಮನೆಯಲ್ಲಿ ನೆಲಮಾಳಿಗೆ ಸೇರಿದವರಂತೆ ತಲೆ ತಗ್ಗಿಸಿ ಕೂತರು. ಈಗ ಯಾರಾದರೂ ಕಂಡುಹಿಡಿಯುತ್ತಾರೆ, ಈಗ, ಈಗ. ಕೊನೆಯ ಹಾಡು ಮುಗಿದಾಗ ನಿರೂಪಕನ ದನಿ ಒದ್ದೆಯಾಗಿತ್ತು. "ಇಂಥದ್ದು ಇನ್ನು ಹುಟ್ಟಲ್ಲ, ಬಂಧುಗಳೇ. ಪ್ರತಿ ಎಲ್ಲಿ ಸಿಗುತ್ತೆ ಅಂತ ಕೇಳ್ತೀರಿ. ಪಿಕೆಟ್ ಫೋರ್ಕಿನ ವರ್ಲಿನ್‌ನ ಕೇಳಿ. ಅವನು ಯಾವತ್ತೂ ನಿಮಗೆ ಸುಳ್ಳು ಹೇಳಿದೋನಲ್ಲ."

ತಕ್ಷಣ ಫೋನು ಹೊಡೆದುಕೊಂಡಿತು. ಇಬ್ಬರೂ ಬೆಚ್ಚಿಬಿದ್ದರು.

"ಎತ್ತಬೇಡ ಅನ್ನಿ," ಎಂದ ವರ್ಲಿನ್. "ನೀವು ಬೇಡ ಅಂದ್ರೆ ಎತ್ತಲ್ಲ. ಬಯಲಾಗೋದು ನಿಮ್ಮ ಸಹಿ."

ನೆಲ್ಡಾ ಕೌಂಟರಿನ ಮೇಲಿದ್ದ ಚೀಟಿಗಳ ಕಟ್ಟನ್ನು ನೋಡಿದಳು. ಒಂದನ್ನು ಎತ್ತಿ, ದೂರ ಹಿಡಿದು ಓದಿದಳು: ಹಲ್ಲು ಕಟ್ಟಿಸಿಕೊಂಡ ಗಾಯಕನ ಚೀಟಿ. ಅವಳ ತುಟಿ ಒಂದಿಷ್ಟು ಅಲುಗಿತು.

"ನಂಗೆ ಎಪ್ಪತ್ತೊಂದು," ಎಂದಳು. "ಕೋಳಿಗೂಡಿನ ಕೆಳಗೆ ಇನ್ನು ಜಾಗ ಇಲ್ಲ. ಎತ್ತು."

"ಏನಂತ ಹೇಳ್ಲಿ?"

"ಚೀಟೀಲಿ ಏನು ಬರೀತಿದ್ಯೋ ಅದನ್ನ."

ಅವಳ ಕೈಚೀಲ ಇನ್ನೂ ಕಟಕಟ ಎನ್ನುತ್ತಿತ್ತು. ವರ್ಲಿನ್ ಫೋನು ಎತ್ತಿದ. ಗಂಟಲಲ್ಲಿ ಹುಡುಕಿದ, ಶೆರಿಫ್ ಇರಲಿಲ್ಲ, ಪಾದ್ರಿ ಇರಲಿಲ್ಲ, ಓರಿನ್ ಇರಲಿಲ್ಲ. ಕಡೆಗೆ ತೆಳ್ಳಗೆ, ನಡುಗುತ್ತ ಏನೋ ಒಂದು ಹೊರಬಂತು.

"ಹಲೋ. ಅದರ ಮೊದಲನೇ ಬದಿಗೆ ಬೇಕಾದ್ರೆ ಕೊಳ್ಳಿ. ಎರಡನೇದು ಓರಿನ್ ಹಾಡಿದ್ದಲ್ಲ."

ಆ ಕಡೆ ಇದ್ದವನು ಹೋಬರ್ಟ್.

"ಇದ್ಯಾರ ದನಿ ತೆಗೀತಿದ್ದೀಯೋ?" ಎಂದ. "ಗುರುತೇ ಸಿಗ್ತಿಲ್ಲ."