ಫ್ಯೂಸಿಗೆ ಕಟ್ಟಿದ ಜರಿ

ಮೊಳಕಾಲ್ಮೂರಿನ ನೇಕಾರ ಓಬಳೇಶನ ಮನೆಯಲ್ಲಿ ಮತ್ತೆ ಫ್ಯೂಸ್ ಹೋಯಿತು. ರೇಷ್ಮೆ ನೂಲಿಗೆ ಬಣ್ಣ ಹಾಕಲು ನೀರು ಕಾಯಿಸುವ ರಾಡ್ ಹಚ್ಚಿದಾಗಲೆಲ್ಲ ಹೀಗೇ ಆಗುತ್ತಿತ್ತು. ಈ ಸಲ ಅವನು ಸೀರೆಯಂಚಿನ ಜರಿ ಎಳೆಗಳನ್ನು ಹೊಸೆದು ಫ್ಯೂಸಿಗೆ ಕಟ್ಟಿದ. ಕರೆಂಟ್ ಬಂತು. ರಾಡನ್ನು ಮತ್ತೆ ಹಚ್ಚಿದ.

ತಾಯಿ ಪಾಲಮ್ಮ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ರಾಡಿನ ಪ್ಲಗ್ ಪಾಯಿಂಟಿಗೆ ಹೋಗುವ ವೈರು ಅವಳ ತಲೆಯ ಮೇಲಿನ ತೊಲೆಗುಂಟ ಹಾದಿತ್ತು.

ಪಕ್ಕದ ಮನೆಯ ನಾಗರತ್ನ ಚಳ್ಳಕೆರೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಸ್ಸಿಳಿದು ಬಂದವಳು ಅವರ ಬಾಗಿಲಲ್ಲೇ ನಿಂತಳು.

“ಏನೋ ಸುಟ್ಟ ವಾಸ್ನೆ ಐತಲ್ಲ, ಓಬಳೇಶಣ್ಣ?”

“ಒಲೆ ಮ್ಯಾಲೆ ಬ್ಯಾಳೆ ಸೀದಿರ್ಬೇಕು.”

“ನಾನಿನ್ನೂ ಒಲೇನೇ ಹಚ್ಚಿಲ್ಲ ಕಣಪ್ಪ,” ಎಂದಳು ಪಾಲಮ್ಮ, ಲಾಳಿ ನಿಲ್ಲಿಸದೆ.

ನಾಗರತ್ನ ಮೇನ್ ಆಫ್ ಮಾಡಿಸಿ ಫ್ಯೂಸ್ ಹೊರಗೆಳೆದಳು.

“ಏನಣ್ಣ, ಫ್ಯೂಸಿಗೆ ಮದುವೆ ಗೊತ್ತಾಗೈತಾ? ಜರಿ ಉಡ್ಸಿದ್ದೀಯ!”

“ನಗಬ್ಯಾಡ. ಜರೀಲೂ ತಂತಿ ಐತೆ. ನಿಮ್ಮ ಫ್ಯೂಸ್ ತಂತಿ ಪುಕ್ಕಲು, ಸುಮ್‌ಸುಮ್ನೆ ಸಾಯ್ತೈತೆ.”

“ಅದು ಸತ್ರೇ ಮನೆ ಉಳಿಯೋದು. ರಾಡ್ ಎಷ್ಟು ವ್ಯಾಟಿಂದು?”

ರಾಡಿನ ಮೇಲಿನ ಬರಹ ಅಳಿಸಿಹೋಗಿತ್ತು. “ಸಾವಿರ ಇರ್ಬೇಕು,” ಎಂದ ಓಬಳೇಶ.

“ಇರ್ಬೇಕು ಅನ್ನೋದು ಬ್ಯಾಡ. ನಮ್ಮನೇಲಿ ಅಳೆಯೋಣ ಬಾ.”

ಅವಳ ಅಡುಗೆಮನೆಯಲ್ಲಿ ದಪ್ಪ ವೈರಿನ, ಹದಿನಾರು ಆಂಪಿಯರ್ ಪಾಯಿಂಟ್ ಇತ್ತು. ರಾಡನ್ನು ಬಕೆಟ್ ನೀರಿನಲ್ಲಿಟ್ಟು, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಪ್ಲಗ್ ಮೀಟರಿನ ಮೂಲಕ ಹಚ್ಚಿದಳು. ಮೀಟರು 220 ವೋಲ್ಟ್, 8 ಆಂಪಿಯರ್ ತೋರಿಸಿತು.

“ಎರಡನ್ನೂ ಗುಣಿಸು.”

ಓಬಳೇಶ ಫೋನ್ ತೆಗೆದ. “ಸಾವಿರದ ಏಳ್ನೂರ ಅರವತ್ತು.”

“ಅಷ್ಟು ವ್ಯಾಟ್ ನಿನ್ನ ರಾಡು. ಈಗ ವೋಲ್ಟನ್ನ ಆಂಪಿಯರಿಂದ ಭಾಗಿಸು.”

“ಇಪ್ಪತ್ತೇಳೂವರೆ.”

“ಅದು ಓಮ್. ಕರೆಂಟಿಗೆ ರಾಡು ಒಡ್ಡೋ ತಡೆ. ಸಾವಿರ ವ್ಯಾಟಿಂದಾಗಿದ್ರೆ ತಡೆ ನಲವತ್ತೆಂಟರ ಮ್ಯಾಲಿರ್ತಿತ್ತು. ತಡೆ ಕಮ್ಮಿ ಆದಷ್ಟೂ ಕರೆಂಟ್ ಜಾಸ್ತಿ ನುಗ್ತೈತೆ. ನಿನ್ನ ಪಾಯಿಂಟ್ ಆರು ಆಂಪಿಯರಿಂದು. ಎಂಟು ತಾಳ್ತೈತಾ?”

“ಇಷ್ಟು ದಿನ ತಾಳೈತಲ್ಲ!”

“ಕಾಪಾಡಿದ್ದು ಫ್ಯೂಸು. ಅದನ್ನೂ ನೀನು ಕಿತ್ತು ಜರಿ ಕಟ್ಟಿದ್ದೀಯ.”

ಓಬಳೇಶ ಒಪ್ಪಲಿಲ್ಲ. ನಾಗರತ್ನ ವಾದ ಬೆಳೆಸಲಿಲ್ಲ. ಅವನ ಮನೆಗೆ ವಾಪಸ್ ಬಂದು, ಮೇನ್ ಆಫ್ ಇದೆಯೆಂದು ಮತ್ತೊಮ್ಮೆ ನೋಡಿ, ಅವನನ್ನೇ ಸ್ಟೂಲ್ ಹತ್ತಿಸಿದಳು. ತೊಲೆಯ ಮೇಲಿನ ವೈರಿನ ಹೊದಿಕೆ ಕರಗಿ ಕಪ್ಪಾಗಿತ್ತು. ಮಗ್ಗದ ನೇರಕ್ಕೆ ತಾಮ್ರ ಕಾಣುತ್ತಿತ್ತು. ಅವನ ಬೆರಳು ತಾಕಿದ ಕಡೆ ಕರಿ ಉದುರಿ ರೇಷ್ಮೆ ಹಾಸಿನ ಮೇಲೆ ಬಿತ್ತು.

ಲಾಳಿ ನಿಂತಿತು.

“ಏನ್ಲಾ, ಇದರ ಕೆಳಗಾ ನನ್ನ ಕೂರ್ಸಿದ್ದು?”

“ನಾಳೇನೇ ಮೇಸ್ತ್ರಿ ಕರ್ಸಿ ದಪ್ಪ ವೈರ್ ಎಳಿಸ್ತೀನಿ ಅವ್ವ. ಅಲ್ಲೀವರೆಗೆ ನೀರು ಸೌದೆ ಒಲೇಲೇ ಕಾಯ್ಲಿ. ಈ ಲೈನ್ ಹಚ್ಚಲ್ಲ.”

“ನಾಳೆ ಎಳಿಸ್ಕೋ. ಮೊದ್ಲು ನನ್ನ ಎಬ್ಬಿಸು.”

ಮಂಡಿ ನೋವಿನ ಪಾಲಮ್ಮ ಯಾರಾದರೂ ಕೈ ಕೊಡದೆ ಗುಂಡಿಯಿಂದ ಮೇಲೇಳಲಾರಳು. ಅದು ಓಬಳೇಶನಿಗೆ ಗೊತ್ತಿದ್ದ ಸಂಗತಿಯೇ. ಅವನು ಎರಡೂ ಕೈ ಚಾಚಿದ.

ಓದುಗರೇ, ನಿಮ್ಮ ಮನೆಯ ರಾಡ್, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆಗಳ ಮೇಲಿನ ಬರಹ ಓದಿ. ಅಳಿಸಿದ್ದರೆ ತಿಳಿದವರಿಂದ ಅಳೆಯಿಸಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. ಬರಹದಲ್ಲಿ ವ್ಯಾಟ್ ಮಾತ್ರ ಇದ್ದರೆ ಅದನ್ನು ವೋಲ್ಟಿನಿಂದ ಭಾಗಿಸಿ, ಆಂಪಿಯರ್ ಸಿಗುತ್ತದೆ. ಉಪಕರಣ ಎಳೆಯುವ ಆಂಪಿಯರ್, ಪಾಯಿಂಟಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಹಚ್ಚಬೇಡಿ. ಫ್ಯೂಸ್ ಹೋದರೆ ಕಾರಣ ಹುಡುಕಿ, ಸರಿಯಾದ ತಂತಿಯನ್ನೇ ಹಾಕಿಸಿ. ಇವತ್ತೇ ಒಮ್ಮೆ ತಲೆಯೆತ್ತಿ, ನಿಮ್ಮ ಮನೆಯ ವೈರಿನ ಕೆಳಗೆ ಯಾರು ಕೂರುತ್ತಾರೆ ನೋಡಿ.